ಅಳಿಯನ ಪ್ರೊಸೆಸರು, ಅತ್ತೆಯ ಗವಸು

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇದು ಯಾರೋ ಆಗದವರು ಹಬ್ಬಿಸಿದ ಅಪವಾದವಲ್ಲ, ಸರ್ಕಾರವೇ ಮತ್ತೆ ಮತ್ತೆ ಪರೀಕ್ಷೆ ಮಾಡಿ ಕಂಡುಕೊಂಡ ಸತ್ಯ. ಲೈಸೆನ್ಸಿಗೆಂದು ಮೊದಲ ಸಲ ಹೋದಾಗ ಅವರ ಕಾರಿಗೆ ಕಂಬವೊಂದು ಅಡ್ಡ ಬಂತು. ಇನ್ನೊಂದು ಸಲ ಅಡ್ಡ ಬಂದದ್ದು ಪರೀಕ್ಷೆ ಮಾಡುವ ಅಧಿಕಾರಿಯ ಸ್ವಂತ ಸ್ಕೂಟರು, ಅದೂ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದು. ಅಧಿಕಾರಿ ಸಜ್ಜನರು, ಗದರಲಿಲ್ಲ. "ಸ್ವಾಮಿ, ನೀವು ಬಹಳ ಚೆನ್ನಾಗಿ ನಡೀತೀರಿ. ನಡೆಯೋದನ್ನ ಬಿಡಬೇಡಿ" ಎಂದು ಕೈಮುಗಿದು ಕಳಿಸಿಕೊಟ್ಟರು.

ಇಂಥವರು ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮುಂದಿನ ಕೋಣೆಯ ಮೂಲೆಯಲ್ಲಿ ಕೂತರೆಂದರೆ ಆಳೇ ಬೇರೆ. ಅಲ್ಲಿತ್ತು ಅವರು ಆಟಕ್ಕೆಂದೇ ಕೊಂಡ ಕಂಪ್ಯೂಟರು. ಮೇಜಿನ ಮೇಲೆ ಅಗಲ ಪರದೆ, ಪಕ್ಕದ ಸ್ಟೂಲಿನ ಮೇಲೆ ಕಪ್ಪು ಪೆಟ್ಟಿಗೆ, ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸಿದ ಪುಟ್ಟ ಸ್ಟೀರಿಂಗು, ಕಾಲಡಿಯಲ್ಲಿ ಪೆಡಲು. ಪರದೆಯ ಮೇಲೆ ಕೆಂಪು ರೇಸು ಕಾರು ಗುಡುಗುತ್ತಾ ಹೊರಟಾಗ ಗುಮಾಸ್ತರ ಹುಬ್ಬು ಗಂಟಾಗುತ್ತಿತ್ತು, ನಾಲಿಗೆಯ ತುದಿ ಹೊರಗೆ ಬರುತ್ತಿತ್ತು, ತಿರುವು ಬಂದಾಗ ಕುರ್ಚಿಯ ಸಮೇತ ಇಡೀ ದೇಹ ವಾಲುತ್ತಿತ್ತು. ಕಾರು ಎಷ್ಟೋ ಸಲ ಗೋಡೆಗೆ ಗುದ್ದುತ್ತಿತ್ತು, ಅದು ಬೇರೆ ಮಾತು.

"ರೀ, ಆ ಕುರ್ಚಿ ಕಾಲು ಮುರಿದರೆ ಈ ಸಲ ನಾನು ಅಂಟು ಹಚ್ಚಲ್ಲ" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು.

"ಪರಿಶೀಲಿಸಲಾಗುವುದು" ಎನ್ನುತ್ತಿದ್ದರು ಗುಮಾಸ್ತರು.

ದಿನವಿಡೀ ನಲ್ಲಿಯಲ್ಲಿ ನೀರಿಲ್ಲ, ನೀರಿನಲ್ಲಿ ಬಣ್ಣ ಇದೆ ಎಂದು ಬರುವವರಿಗೆಲ್ಲ ಕೊಟ್ಟೂ ಕೊಟ್ಟೂ ಆ ಉತ್ತರ ಅವರ ಬಾಯಿಗೆ ಅಂಟಿಬಿಟ್ಟಿತ್ತು. ಹಾಲು ಉಕ್ಕಿತೇ ನೋಡಿ ಎಂದರೂ ಅದೇ, ಮಳೆ ಬರುತ್ತಿದೆಯೇ ಎಂದರೂ ಅದೇ.

ಹಿಂದೆ ಬೆತ್ತದ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಿದ್ದರು. ಹೆಂಡತಿಯ ತಾಯಿ. ಮಡಿಲಲ್ಲಿ ಏನಾದರೊಂದು ಹೊಲಿಗೆ, ಮೂಗಿನ ತುದಿಯಲ್ಲಿ ಕನ್ನಡಕ, ಕಣ್ಣು ಅರ್ಧ ಸೂಜಿಯ ಮೇಲೆ, ಅರ್ಧ ರೇಸಿನ ಮೇಲೆ. ಆಟ ಮುಗಿದಾಗ ದಾರವನ್ನು ಹಲ್ಲಿನಿಂದ ಕಡಿದು, "ಚೆನ್ನಾಗಿ ಓಡಿಸ್ತೀರಿ ಅಳಿಯಂದಿರೇ. ತಿರುವಲ್ಲಿ ನನಗೇ ಹೊಟ್ಟೆ ಜುಮ್ ಅಂತು" ಎನ್ನುತ್ತಿದ್ದರು.

ಈ ಮಾತು ಸಣ್ಣದೆಂದು ತಿಳಿಯಬಾರದು. ದೂರು ವಿಭಾಗಕ್ಕೆ ಹೊಗಳಲು ಯಾರೂ ಬರುವುದಿಲ್ಲ. ಗುಮಾಸ್ತರ ಇಷ್ಟು ವರ್ಷದ ಬದುಕಿನಲ್ಲಿ, ಅವರು ಏನೋ ಮಾಡುವುದನ್ನು ಒಬ್ಬರು ಪೂರ್ತಿ ಕೂತು ನೋಡಿ, ಚೆನ್ನಾಗಿ ಮಾಡಿದಿರಿ ಎಂದದ್ದು ಅದೇ ಮೊದಲು. ಅತ್ತೆ ತಮ್ಮ ಮನೆಯಲ್ಲೇ ಇರಲಿ ಎಂದು ಹಾರೈಸುವ ಅಳಿಯಂದಿರು ಲೋಕದಲ್ಲಿ ಎಷ್ಟಿದ್ದಾರೋ ಗೊತ್ತಿಲ್ಲ, ಇವರೊಬ್ಬರು ಇದ್ದರು.

ಹೀಗಿರುವಾಗ ಅವರ ಬೀದಿಯನ್ನು ಅಗೆದರು. ಅಗೆದವರು ಬೇರೆ ಯಾರೂ ಅಲ್ಲ, ನೀರು ಸರಬರಾಜು ಕಚೇರಿಯವರೇ. ಪೈಪು ಹಾಕಲು ಅಗೆದು, ಪೈಪು ಬರಲಿಲ್ಲವೆಂದು ಹಾಗೇ ಬಿಟ್ಟು ಹೋದರು. ಧೂಳು ಮನೆಮನೆಗೆ ನೆಂಟನ ಹಾಗೆ ಬಂದು ಕೂತಿತು. ಬೀದಿಯವರೆಲ್ಲ ಗುಮಾಸ್ತರ ಬಾಗಿಲಿಗೇ ಬಂದು ದೂರಿದರು. ಪರಿಶೀಲಿಸಲಾಗುವುದು ಎಂದು ಅವರು ಹೇಳಿದರು.

ಅತ್ತೆ ಹೇಳುತ್ತ ಕೂರುವವರಲ್ಲ, ಮಾಡುವವರು. ಆ ಮನೆಯಲ್ಲಿ ಗವಸು ಇಲ್ಲದ ವಸ್ತು ಮೊದಲೇ ಕಡಿಮೆ. ಮಿಕ್ಸಿಗೊಂದು ಗವಸು, ಇಸ್ತ್ರಿಪೆಟ್ಟಿಗೆಗೊಂದು, ಟಿ.ವಿ.ಯ ರಿಮೋಟಿಗೊಂದು. ಧೂಳು ಶುರುವಾದ ವಾರವೇ ಅವರು ಟೇಪು ಹಿಡಿದು ಕಪ್ಪು ಪೆಟ್ಟಿಗೆಯ ಉದ್ದ ಅಗಲ ಅಳೆದು, ನೀಲಿ ಹೂವಿನ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದರು. ಮೇಲಿನಿಂದ ಕೆಳಗಿನವರೆಗೆ ಮೈತುಂಬ.

"ಆಡುವಾಗ ತೆಗೆಯೋದೇ ಬೇಡ ನೋಡಿ. ಗುಂಡಿ ಒತ್ತೋಕೆ ಮುಂದೆ ಕಿಟಕಿ ಬಿಟ್ಟಿದೀನಿ, ತಂತಿಗೆ ಹಿಂದೆ ಸಣ್ಣ ತೂತು" ಎಂದರು.

ಗುಮಾಸ್ತರಿಗೆ ಕಣ್ಣು ತುಂಬಿ ಬಂತು. ಅವರ ಪ್ರಿಯವಾದ ವಸ್ತುವಿಗೆ ಮನೆಯಲ್ಲಿ ಯಾರೂ ಹೀಗೆ ಅಂಗಿ ತೊಡಿಸಿರಲಿಲ್ಲ.

ಕೆಲವೇ ದಿನಗಳಲ್ಲಿ ಕೆಂಪು ಕಾರಿಗೆ ಏನೋ ರೋಗ ಬಡಿಯಿತು. ಹೊರಡುವಾಗ ಜಿಂಕೆ, ಸ್ವಲ್ಪ ಹೊತ್ತಿಗೆ ಎತ್ತಿನ ಗಾಡಿ. ಚಿತ್ರ ಗಕ್ಕನೆ ನಿಲ್ಲುತ್ತಿತ್ತು, ಮತ್ತೆ ಜಿಗಿಯುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಓದುವ ಜನ ಈಗಾಗಲೇ ಹುಬ್ಬೇರಿಸಿರಬಹುದು. ಗುಮಾಸ್ತರು ಏರಿಸಲಿಲ್ಲ.

ಆ ಸಮಯಕ್ಕೆ ಸರಿಯಾಗಿ ಭಾವಮೈದ ಬಂದ. ಹೆಂಡತಿಯ ತಮ್ಮ, ಊರಿನ ಇನ್ನೊಂದು ತುದಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುವವನು. ಗುಮಾಸ್ತರಿಗೆ ಕಾರು ಕಲಿಸಲು ಹೋಗಿ ಸೋತವನು ಅವನೇ. ಅತ್ತೆ ಎದುರುಮನೆಗೆ ಯಾವುದೋ ಅಳತೆಗೆ ಹೋಗಿದ್ದರು. ಅವನು ಟೀ ಕುಡಿಯುತ್ತಾ ಹೇಳಿದ, "ಅಕ್ಕಾ, ಈ ಸಲ ಅಮ್ಮನ್ನ ಕರ್ಕೊಂಡು ಹೋಗೋದೇ. ಎಷ್ಟು ದಿನ ಅಂತ ನೀವೇ ಇಟ್ಕೋತೀರಾ? ನನಗೂ ಅಮ್ಮ ತಾನೇ?"

ಗುಮಾಸ್ತರು ಮಾತು ಮರೆಸಲು, "ನಿನ್ನೆ ರೇಸಲ್ಲಿ ನಾನು ಒಂದು ತಿರುವು ಹೊಡೆದೆ ನೋಡು, ನಿನ್ನ ಶಾಲೇಲಿ ಯಾರಿಗೂ ಬರಲ್ಲ. ಕಂಪ್ಯೂಟರು ನಿಂತು ನಿಂತು ಓಡ್ತಿರೋದ್ರಿಂದ ಉಳಿದ್ರಿ ನೀವೆಲ್ಲ" ಎಂದುಬಿಟ್ಟರು.

ಭಾವಮೈದನ ಟೀ ಮೂಗಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, "ಭಾವ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ.

"ಹಾಗಾದ್ರೆ ಬಾ. ಇದೇ ನೆಲದ ಮೇಲೆ ಕುಣಿ."

"ಕುಣೀತೀನಿ. ಮುಂದಿನ ಭಾನುವಾರ, ಇದೇ ಕಂಪ್ಯೂಟರಲ್ಲಿ, ಒಬ್ಬರಾದ ಮೇಲೆ ಒಬ್ಬರು. ಬೇಗ ಮುಗಿಸಿದವರು ಗೆದ್ದರು. ಗೆದ್ದವರ ಮನೆಗೆ ಅಮ್ಮ. ಒಪ್ಪಿಗೆಯಾ?"

ಪರಿಶೀಲಿಸಲಾಗುವುದು ಎಂದು ಹೇಳಬೇಕಾಗಿದ್ದ ಒಂದೇ ಒಂದು ಸಂದರ್ಭದಲ್ಲಿ ಗುಮಾಸ್ತರು, "ಒಪ್ಪಿಗೆ" ಎಂದರು.

ಭಾವಮೈದ ಹೋದ ಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಪಗಡೆ ಆಡಿ ಹೆಂಡತೀನ ಪಣಕ್ಕಿಟ್ಟವರ ಕಥೆ ಕೇಳಿದ್ದೆ. ಅತ್ತೇನ ಪಣಕ್ಕಿಟ್ಟವರು ನೀವೇ ಮೊದಲು. ಅಮ್ಮನಿಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತಾ?"

"ಗೊತ್ತಾಗೋದು ಬೇಡ. ನಾನು ಗೆಲ್ತೀನಿ. ಅದಕ್ಕೊಂದು ಹೊಸ ಪ್ರೊಸೆಸರ್ ಹಾಕಿಸಬೇಕು, ಅಷ್ಟೇ."

ಪ್ರೊಸೆಸರೆಂದರೆ ಪೆಟ್ಟಿಗೆಯೊಳಗೆ ಕೂತು ಲೆಕ್ಕವನ್ನೆಲ್ಲ ಮಾಡುವ, ಬಿಸ್ಕತ್ತಿಗಿಂತ ಚಿಕ್ಕದಾದ ಚಿಪ್ಪು. ಅದಕ್ಕೆ ವಯಸ್ಸಾಗಿದೆ, ಹೊಸದು ಹಾಕಿಸಿದರೆ ಕಾರು ಹಾರುತ್ತದೆ ಎಂಬುದು ಗುಮಾಸ್ತರ ತೀರ್ಮಾನ. ಆ ಚಿಪ್ಪಿನ ಬೆಲೆ ಕೇಳಿದ ಹೆಂಡತಿ, ಮುಂದಿನ ಕೋಣೆಯ ಗೋಡೆಯನ್ನೊಮ್ಮೆ ನೋಡಿ, ಅದಕ್ಕೆ ಬಣ್ಣ ಹೊಡೆಸುವ ಆಸೆಯನ್ನು ಕಣ್ಣಲ್ಲೇ ಬೀಳ್ಕೊಟ್ಟಳು. ಆಮೇಲೆ ಕೇಳಿದಳು, "ಅಲ್ಲ ರೀ, ಇಬ್ಬರೂ ಆಡೋದು ಇದೇ ಕಂಪ್ಯೂಟರಲ್ಲಿ. ಹೊಸ ಪ್ರೊಸೆಸರ್ ಹಾಕಿಸಿದ್ರೆ ನನ್ನ ತಮ್ಮನ ಕಾರೂ ಹಾರಲ್ವಾ?"

ಗುಮಾಸ್ತರು ಅಷ್ಟು ದೂರ ಯೋಚಿಸಿರಲಿಲ್ಲ. ಆದರೂ ಸೋಲಲಿಲ್ಲ. "ದಡ್ಡನ ಕೈಗೆ ವೇಗ ಸಿಕ್ಕಿದ್ರೆ ಬೇಗ ಗೋಡೆಗೆ ಗುದ್ದುತ್ತಾನೆ. ಪ್ರತಿಭಾವಂತನ ಕೈಗೆ ವೇಗ ಸಿಕ್ಕಿದ್ರೆ ಬೇಗ ಗೆಲ್ತಾನೆ" ಎಂದರು. ಈ ಮಾತಿನ ಅರ್ಧ ಭಾಗ ಮುಂದೆ ನಿಜವಾಯಿತು. ಯಾವ ಅರ್ಧ ಎಂಬುದೇ ಪ್ರಶ್ನೆ.

ಮರುದಿನ ಕಚೇರಿಯಲ್ಲಿ ವಿಷಯ ಸಾಹೇಬರವರೆಗೂ ಹೋಯಿತು. ಹಾಕಿಸುವುದೋ ಬೇಡವೋ, ಹಾಕಿಸಿದರೆ ಕೊಟ್ಟ ದುಡ್ಡಿಗೆ ಸಾರ್ಥಕವೋ ಅಲ್ಲವೋ ಎಂದು ಚರ್ಚೆ. ಆ ದಿನ ನೀರು ಬಾರದ ಬಡಾವಣೆಗಳು ಕೆಲವು ಹಾಗೇ ಕಾದವು.

ಸಾಹೇಬರು ಕನ್ನಡಕ ತೆಗೆದು ಹೇಳಿದರು, "ನೋಡಿ ಪರಿಶೀಲನೆಯವರೇ, ನಮ್ಮ ಪಂಪ್‌ಹೌಸಿನ ಮೋಟಾರು ಹಳೇದಾಯ್ತು ಅಂತ ಹೊಸದು ತಂದ್ವಿ. ಹೊಸ ಮೋಟಾರಿನ ರಭಸಕ್ಕೆ ಹಳೇ ಪೈಪು ಒಡೀತು. ಪೈಪು ಬದಲಾಯಿಸಿದ್ವಿ, ವಾಲ್ವು ಕಿತ್ತುಬಂತು. ವಾಲ್ವು ಹಾಕಿದ್ವಿ, ಟ್ಯಾಂಕು ಬಿರುಕುಬಿಡ್ತು."

"ಹಾಗಾದ್ರೆ ಬೇಡ ಅಂತೀರಾ ಸಾರ್?"

"ನಾನು ಹಾಗೆ ಹೇಳಲಿಲ್ಲ."

"ಬೇಕು ಅಂತೀರಾ?"

"ಹಾಗೂ ಹೇಳಲಿಲ್ಲ. ಪರಿಶೀಲಿಸಿ" ಎಂದರು ಸಾಹೇಬರು. ತಾವು ದಿನಾ ಜನಕ್ಕೆ ಕೊಡುವ ಉತ್ತರ ಕೇಳಲು ಹೇಗಿರುತ್ತದೆಂದು ಗುಮಾಸ್ತರಿಗೆ ಆವತ್ತು ತಿಳಿಯಿತು. ಅಷ್ಟೇನೂ ಚೆನ್ನಾಗಿರಲಿಲ್ಲ.

ಕೊನೆಗೆ ಕಪ್ಪು ಪೆಟ್ಟಿಗೆಯನ್ನು ಆಟೋದಲ್ಲಿಟ್ಟು, ಅದನ್ನು ಮಾರಿದ ಅಂಗಡಿಗೇ ಕೊಂಡುಹೋದರು. ಹೊರಡುವಾಗ ಹೆಂಡತಿ, "ಅಮ್ಮ ಹೊಲಿದ ಗವಸು ಅಂಗಡೀಲಿ ಮಾಸಿಹೋಗುತ್ತೆ, ಬಿಚ್ಚಿಟ್ಟು ಹೋಗಿ" ಎಂದಳು. ನಿಜವಾದ ಮಾತು. ಗವಸು ಮನೆಯಲ್ಲೇ ಉಳಿಯಿತು.

ಅಂಗಡಿ ನಡೆಸುವವಳು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಕಿವಿಯ ಹಿಂದೆ ಸದಾ ಒಂದು ಸ್ಕ್ರೂಡ್ರೈವರ್. ಪೆಟ್ಟಿಗೆ ಬಿಚ್ಚಿದಳು, ಊದಿದಳು, ಜೋಡಿಸಿದಳು, ಗುಮಾಸ್ತರ ಆಟವನ್ನೇ ಹಾಕಿದಳು. ಕೆಂಪು ಕಾರು ಬಾಣದ ಹಾಗೆ ಹೋಯಿತು. ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲೂ ನಿಲ್ಲಲಿಲ್ಲ.

"ಏನೂ ಆಗಿಲ್ಲ ಸಾರ್."

"ಮನೇಲಿ ನಿಲ್ಲುತ್ತೆ ತಾಯಿ!"

"ನೀವೇ ಓಡಿಸಿ ನೋಡಿ."

ಗುಮಾಸ್ತರು ಓಡಿಸಿದರು. ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದರು. "ಈ ಕುರ್ಚಿ ಎತ್ತರ ಸರಿಯಿಲ್ಲ" ಎಂದು ಎದ್ದು, "ಪ್ರೊಸೆಸರ್ ಬದಲಾಯಿಸಿಬಿಡಿ" ಎಂದರು.

"ಬೇಡ ಸಾರ್. ಇದು ಚೆನ್ನಾಗೇ ಇದೆ. ಹೊಸ ಚಿಪ್ಪು ಈ ಬೋರ್ಡಿಗೆ ಹೊಂದಲ್ಲ. ಬೋರ್ಡು ಬದಲಾಯಿಸಿದ್ರೆ ಅದಕ್ಕೆ ತಕ್ಕ ಮೆಮೊರಿ ಬೇರೆ ಬೇಕು. ನೀವು ಆಡೋ ಆಟಕ್ಕೆ ಅಷ್ಟೆಲ್ಲ ಖರ್ಚು ದಂಡ."

ಮೋಟಾರು, ಪೈಪು, ವಾಲ್ವು, ಟ್ಯಾಂಕು ಎಲ್ಲ ಗುಮಾಸ್ತರ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ಆದರೂ ಅನುಮಾನ ಹತ್ತಿತು. ಮಾರಲು ಕೂತವಳು ಮಾರುವುದಿಲ್ಲ ಎನ್ನುತ್ತಾಳೆಂದರೆ ಏನೋ ಮಸಲತ್ತು ಇರಲೇಬೇಕು. ಒಳ್ಳೆಯತನ ಎದುರಿಗೆ ಬಂದು ನಿಂತರೆ ಗುರುತು ಹಿಡಿಯುವ ಅಭ್ಯಾಸ ಅವರ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಪೆಟ್ಟಿಗೆ ಮನೆಗೆ ಬಂತು. ಅತ್ತೆ ಗವಸು ತೊಡಿಸಿದರು. ಸ್ವಲ್ಪ ಹೊತ್ತು ಓಡಿದ ಮೇಲೆ ಮತ್ತೆ ಅದೇ ಕುಂಟು.

"ಅಂಗಡೀಲಿ ಚೆನ್ನಾಗಿತ್ತಂತಾ?" ಎಂದು ಅತ್ತೆ ಕೇಳಿದರು.

"ಕುದುರೆ ಹಾಗೆ ಓಡ್ತು ಅತ್ತೆ. ಮನೆಗೆ ಬಂದ ಕೂಡಲೇ ಹೀಗೆ."

"ತವರುಮನೇಲಿ ನಗ್ತಾ ಓಡಾಡಿಕೊಂಡಿರುತ್ತೆ, ಗಂಡನ ಮನೆಗೆ ಬಂದ ಕೂಡಲೇ ಮುಖ ಊದಿಸಿಕೊಳ್ಳುತ್ತೆ" ಎಂದು ಅತ್ತೆ ನಕ್ಕರು. ನಗು ಮುಗಿದ ಮೇಲೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ, "ಅಯ್ಯೋ, ಮೈ ಸುಡ್ತಿದೆಯಲ್ಲ. ಆಟೋದಲ್ಲಿ ಕುಲುಕಿ ಧೂಳು ಕುಡಿದುಬಂದಿದೆ, ಪಾಪ" ಎಂದರು.

ಮರುದಿನ ಗುಮಾಸ್ತರು ಕಚೇರಿಯಿಂದ ಬರುವಷ್ಟರಲ್ಲಿ ಗವಸಿಗೆ ಒಳಗಡೆ ಹತ್ತಿಯ ಅಸ್ತರಿ ಬಂದಿತ್ತು. ತಂತಿಯ ತೂತಿನ ಸುತ್ತ ಧೂಳು ನುಸುಳದ ಹಾಗೆ ಬಿಗಿಯಾದ ಎಲಾಸ್ಟಿಕ್ಕು. ಆವತ್ತು ಕೆಂಪು ಕಾರು ಹೊರಟ ಜಾಗ ಬಿಟ್ಟು ಕದಲಲು ಹೆಂಡತಿ ಬಟ್ಟೆ ಮಡಿಸಿ ಮುಗಿಸುವವರೆಗೆ ತೆಗೆದುಕೊಂಡಿತು.

ಮೇಲ್ಮನೆಯ ನಿವೃತ್ತ ಮೇಷ್ಟರಿಗೆ ಸುದ್ದಿ ಹೋಯಿತು. ಕರೆಯದೆ ಬರುವುದು, ಬಂದಮೇಲೆ ವಿವರಿಸುವುದು, ಎರಡೂ ಅವರನ್ನು ನಿವೃತ್ತಿಯ ನಂತರವೂ ಬಿಟ್ಟಿರಲಿಲ್ಲ. "ಇದು ಕರೆಂಟಿನ ಸಮಸ್ಯೆ" ಎಂದರು. "ಅಂಗಡೀಲಿ ಫ್ರಿಜ್ಜಿಲ್ಲ, ನಿಮ್ಮಲ್ಲಿದೆ. ನಿಮ್ಮ ಕಂಪ್ಯೂಟರಿನ ಪಾಲನ್ನ ಫ್ರಿಜ್ಜು ತಿಂತಿದೆ. ಎಲ್ಲ ಆರಿಸಿ!"

ಫ್ರಿಜ್ಜು ಆರಿತು, ದೀಪ ಆರಿತು, ಫ್ಯಾನು ನಿಂತಿತು. ಮಂಕು ಬೆಳಕಿನಲ್ಲಿ ಇಡೀ ಮನೆ ಬೆವರುತ್ತಾ ಕೂತಿತು. ಫ್ಯಾನಿನ ಗಾಳಿಯೂ ತಪ್ಪಿದ ಕಾರು ಇನ್ನಷ್ಟು ನಿಧಾನವಾಯಿತು.

"ನೋಡಿದ್ರಾ!" ಎಂದರು ಮೇಷ್ಟರು ಸೋಲದೆ. "ಈಗ ಕರೆಂಟು ಜಾಸ್ತಿಯಾಗಿ ಅಜೀರ್ಣವಾಗಿದೆ."

"ಮೇಷ್ಟ್ರೇ, ನಿಮ್ಮ ಮನೇಲಿ ಫ್ಯಾನ್ ತಿರುಗ್ತಿರಬೇಕಲ್ಲ? ಹೋಗಿ, ತಣ್ಣಗೆ ಕೂತ್ಕೊಳ್ಳಿ" ಎಂದಳು ಹೆಂಡತಿ.

ಗುಮಾಸ್ತರು ಪೆಟ್ಟಿಗೆಯನ್ನು ಮತ್ತೆ ಅಂಗಡಿಗೆ ಹೊತ್ತರು. ಗವಸು ಮತ್ತೆ ಮನೆಯಲ್ಲಿ ಉಳಿಯಿತು. ಕಾರು ಮತ್ತೆ ಬಾಣದ ಹಾಗೆ ಹೋಯಿತು. ಗುಮಾಸ್ತರು ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತು, ಪಂದ್ಯ, ಭಾವಮೈದ, ಪಣ, ಎಲ್ಲವನ್ನೂ ಹೇಳಿಕೊಂಡರು. "ಅತ್ತೆ ಹೋಗಿಬಿಡ್ತಾರೆ ತಾಯಿ. ನನ್ನ ಹಿಂದೆ ಕೂತು ನೋಡೋರು ಯಾರೂ ಇರಲ್ಲ."

ಅಂಗಡಿಯಾಕೆ ಕಿವಿಯ ಹಿಂದಿನ ಸ್ಕ್ರೂಡ್ರೈವರನ್ನು ತೆಗೆದು ಮತ್ತೆ ಅಲ್ಲೇ ಇಟ್ಟಳು. "ಭಾನುವಾರ ಅಂಗಡಿ ರಜ. ನಾನೇ ಮನೆಗೆ ಬಂದು ನೋಡ್ತೀನಿ. ಬದಲಾಯಿಸಲೇಬೇಕು ಅಂತಾದ್ರೆ ಚಿಪ್ಪು, ಬೋರ್ಡು ಎಲ್ಲ ಚೀಲದಲ್ಲೇ ತರ್ತೀನಿ. ಬೇಡ ಅಂತಾದ್ರೆ ನನಗೆ ಒಂದು ಲೋಟ ಟೀ ಸಾಕು."

ಭಾನುವಾರ ಬಂತು. ಗುಮಾಸ್ತರು ಬೆಳಗಿನಿಂದಲೇ ಅಭ್ಯಾಸಕ್ಕೆ ಕೂತಿದ್ದರಿಂದ ಪೆಟ್ಟಿಗೆ ಕಾದ ಕಾವಲಿಯಾಗಿತ್ತು. ಮಧ್ಯಾಹ್ನ ಭಾವಮೈದ ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತಾ ಬಂದ. ಮೇಷ್ಟರು ಕರೆಯದೆ ಬಂದರು. ಕೊನೆಗೆ ಅಂಗಡಿಯಾಕೆ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಒಳಗೆ ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತುಬಿಟ್ಟಳು.

ಮೂಲೆಯ ಸ್ಟೂಲಿನ ಮೇಲೆ, ನೀಲಿ ಹೂವಿನ ಗವಸಿನೊಳಗೆ, ಅವಳು ಮಾರಿದ ಪೆಟ್ಟಿಗೆ ಚಳಿದೇಶದ ಮಗುವಿನ ಹಾಗೆ ಕೂತಿತ್ತು. ಪಂದ್ಯಕ್ಕೆ ನೆಂಟರು ಬರುತ್ತಾರೆಂದು ಅತ್ತೆ ಹಿಂದಿನ ದಿನವಷ್ಟೇ ಅದಕ್ಕೆ ಮೂರನೆಯ ಪದರ, ಸುತ್ತಲೂ ನಿರಿಗೆ, ನೆತ್ತಿಗೊಂದು ಉಣ್ಣೆಯ ಗೊಂಡೆ ಸೇರಿಸಿದ್ದರು.

"ಇದೇ ಅಲ್ವಾ ನಿಮ್ಮ ಅಂಗಡಿಯ ಕೂಸು?" ಎಂದು ಅತ್ತೆ ಎದ್ದು ಬಂದರು. "ನೋಡಿ, ಒಂದು ಕಾಳು ಧೂಳು ಹೋಗಲ್ಲ. ಹತ್ತಿ ಅಸ್ತರಿ. ಮೈ ಸರಿಯಿಲ್ಲದ್ದಕ್ಕೆ ಗಾಳಿ ತಾಗಬಾರದು ಅಂತ ಹಿಂದೆಲ್ಲ ಬಿಗಿ ಮಾಡಿದೀನಿ."

ಅಂಗಡಿಯಾಕೆ ಬಾಯಿ ತೆರೆದಳು. ಅತ್ತೆಯ ಬೆರಳಿನ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು ನೋಡಿದಳು. ಬಾಯಿ ಮುಚ್ಚಿದಳು. "ತುಂಬಾ ಮುದ್ದಾಗಿದೆ ಅಮ್ಮ" ಎಂದು, ಗುಮಾಸ್ತರ ತೋಳು ಹಿಡಿದು ಕಿಟಕಿಯ ಕಡೆ ಎಳೆದೊಯ್ದಳು.

"ಸಾರ್, ಒಳಗಿನ ಬಿಸಿಗಾಳಿ ಹೊರಗೆ ಹೋಗೋಕೆ ಹಿಂದೆ ಫ್ಯಾನಿದೆ. ನೀವು ಅದರ ಮೂಗು ಬಾಯಿ ಮುಚ್ಚಿ ಓಡು ಅಂತಿದೀರ. ಸುಟ್ಟುಹೋಗಬಾರದು ಅಂತ ಪ್ರೊಸೆಸರ್ ತಾನೇ ನಿಧಾನ ಮಾಡ್ಕೊಳ್ತಿದೆ. ಗವಸು ತೆಗೀರಿ, ಅಷ್ಟೇ. ಒಂದು ಪೈಸೆ ಖರ್ಚಿಲ್ಲ."

ಗುಮಾಸ್ತರು ತಿರುಗಿ ನೋಡಿದರು. ಅತ್ತೆ ಬಗ್ಗಿ ಗವಸಿನ ನಿರಿಗೆ ಸರಿಮಾಡುತ್ತಾ ಮಗನಿಗೆ ಹೇಳುತ್ತಿದ್ದರು, "ಪಾಪ ಅಳಿಯಂದಿರು, ಇದಕ್ಕೆ ಹುಷಾರಿಲ್ಲ ಅಂತ ಊಟಾನೂ ಸರಿಯಾಗಿ ಮಾಡ್ತಿಲ್ಲ. ನನ್ನ ಕೈಲಾದದ್ದು ನಾನು ಮಾಡಿದೀನಿ."

ಆ ಹತ್ತು ಕಣ್ಣುಗಳ ಎದುರು ಗವಸು ಎಳೆದುಹಾಕಿದರೆ ಕಾರು ಹಾರೀತು, ಸರಿ. ಜೊತೆಗೆ, ಇಷ್ಟು ದಿನ ಇದರ ಕತ್ತು ಹಿಸುಕುತ್ತಿದ್ದವರು ಯಾರು ಎಂಬುದೂ ಎಲ್ಲರಿಗೂ ತಿಳಿದೀತು. ಭಾವಮೈದ ಅದನ್ನು ಜನ್ಮವಿಡೀ ಹೇಳಿ ನಗುವಂಥವನು. ಗವಸನ್ನು ಹಾಗೇ ಬಿಟ್ಟರೆ ಪಂದ್ಯ ಹೋಗುತ್ತದೆ, ಅತ್ತೆಯೂ ಹೋಗುತ್ತಾರೆ. ಗುಮಾಸ್ತರು ಎರಡೂ ಕಡೆ ನೋಡಿದರು.

"ತೆಗೀಲಾ ಸಾರ್?" ಅಂಗಡಿಯಾಕೆ ಪಿಸುಗುಟ್ಟಿದಳು.

"ಪರಿಶೀಲಿಸಲಾಗುವುದು" ಎಂದರು ಗುಮಾಸ್ತರು. ಅವರ ಇಡೀ ನೌಕರಿಯಲ್ಲಿ ಆ ಮಾತನ್ನು ಇಷ್ಟು ಯೋಚಿಸಿ ಹೇಳಿದ್ದು ಅದೊಂದೇ ಸಲ. ಅಂಗಡಿಯಾಕೆ ಅವರ ಮುಖ ನೋಡಿದಳು. ಆಮೇಲೆ ಚೀಲವನ್ನು ಬಾಗಿಲ ಹಿಂದಿಟ್ಟು, "ಹಾಗಾದ್ರೆ ನನಗೆ ಟೀ" ಎಂದು ಕೂತಳು.

ಮೊದಲು ನೆಂಟರ ಸರದಿ. ಭಾವಮೈದ ಅಂಗಿಯ ತೋಳು ಮಡಚಿ ಸ್ಟೀರಿಂಗು ಹಿಡಿದ. ಕಾರು ಹೊರಟಿತು, ನಿಂತಿತು. ಎದುರಿಗೆ ತಿರುವು. ಅವನು ಚಕ್ರ ತಿರುಗಿಸಿದ, ಚಿತ್ರ ಅಲ್ಲಾಡಲಿಲ್ಲ. ಇನ್ನಷ್ಟು ತಿರುಗಿಸಿದ. ಇನ್ನಷ್ಟು. ಚಿತ್ರ ಜಿಗಿದಾಗ ಕಾರು ಪ್ರೇಕ್ಷಕರ ಮಧ್ಯೆ ಇತ್ತು.

"ಬ್ರೇಕ್! ಬ್ರೇಕ್ ಒತ್ತು!" ಎಂದು ಅವನು ಅಭ್ಯಾಸಬಲದಿಂದ ಪಕ್ಕದ ಖಾಲಿ ಜಾಗಕ್ಕೆ ಕೂಗಿದ. ಶಿಷ್ಯರ ಪಕ್ಕದಲ್ಲಿ ಕೂತು ಕೂತು, ಕಷ್ಟ ಬಂದರೆ ಶಾಲೆಯ ಕಾರಿನಲ್ಲಿ ಕಲಿಸುವವನಿಗೆಂದೇ ಇರುವ ಇನ್ನೊಂದು ಬ್ರೇಕನ್ನು ತುಳಿಯುವುದು ಅವನ ಕಾಲಿಗೆ ರೂಢಿ. ಇಲ್ಲಿ ಬರೀ ನೆಲವನ್ನು ತುಳಿದ. ಕಾರು ಪ್ರೇಕ್ಷಕರಿಂದ ಹೊರಬಂದು ಕೆರೆಗೆ ಹೋಯಿತು. ಕೆರೆಯಿಂದ ಎತ್ತಿದರೆ ಹಿಮ್ಮುಖವಾಗಿ ಓಡಿತು. ಎದುರಿನಿಂದ ಬರುವ ಕಾರುಗಳಿಗೆಲ್ಲ ಅವನು, "ಲೈಸೆನ್ಸ್ ಯಾರು ಕೊಟ್ಟರೋ ನಿಮಗೆ!" ಎಂದು ಬೈದ. ಮುಗಿಸುವ ಹೊತ್ತಿಗೆ ಅಂಗಡಿಯಾಕೆಯ ಟೀ ಮುಗಿದು ಮೇಷ್ಟರ ಎರಡನೆಯ ಟೀ ನಡೆದಿತ್ತು.

ಗುಮಾಸ್ತರು ಕೂತರು. ಕಾರು ಹೊರಟಿತು, ನಿಂತಿತು. ಗುಮಾಸ್ತರೂ ನಿಂತರು. ಚಕ್ರ ಮುಟ್ಟಲಿಲ್ಲ, ಪೆಡಲು ಒತ್ತಲಿಲ್ಲ, ಉಸಿರಾಡಿದರು ಅಷ್ಟೇ. ಚಿತ್ರ ಜಿಗಿಯುವ ಮುಂಚಿನ ಚಣದಲ್ಲಿ ಚಕ್ರವನ್ನು ಒಂದಿಷ್ಟೇ ವಾಲಿಸಿದರು. ಕಾರು ತಿರುವು ದಾಟಿತು. ಮತ್ತೆ ನಿಂತಿತು. ಮತ್ತೆ ಕಾದರು.

ನಿಂತುಹೋದ ಕೆಲಸದ ಎದುರು ಕೆರಳದೆ, ಬೆವರದೆ, ಅದು ತಾನಾಗಿ ಕದಲುವವರೆಗೆ ಸುಮ್ಮನೆ ಕೂರುವುದು ಒಂದು ವಿದ್ಯೆ. ಡ್ರೈವಿಂಗ್ ಶಾಲೆಗಳಲ್ಲಿ ಅದನ್ನು ಕಲಿಸುವುದಿಲ್ಲ. ದೂರು ವಿಭಾಗದಲ್ಲಿ ಬೇರೇನನ್ನೂ ಕಲಿಸುವುದಿಲ್ಲ. ಅದರ ಮೇಲೆ ಈ ಕುಂಟು ಕಾರನ್ನು ಇಷ್ಟು ದಿನ ಓಡಿಸಿದ ಅಭ್ಯಾಸ. ಒಂದು ಕಂಬ ಮುಟ್ಟದೆ, ಒಂದು ಸ್ಕೂಟರು ಕೆಡವದೆ, ಗುಮಾಸ್ತರು ನಿಂತು ನಿಂತು ಗೆದ್ದರು.

"ಚೆನ್ನಾಗಿ ಓಡಿಸಿದ್ರಿ ಅಳಿಯಂದಿರೇ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

"ಈ ಡಬ್ಬ ಸರಿಯಿಲ್ಲ!" ಭಾವಮೈದ ಎದ್ದುನಿಂತ.

"ಕುಣಿಯಲಾರದವಳು..." ಎಂದು ಗುಮಾಸ್ತರು ಶುರುಮಾಡಿದರು.

"ಗಾದೆ ಆಮೇಲೆ ಹೇಳಿ! ಈ ಡಬ್ಬಾನ ನಂಬಿ ನಾನು ಅಮ್ಮನ್ನ ಬಿಟ್ಟುಕೊಡಲ್ಲ, ಪಣಗಿಣ ಎಲ್ಲ ಸುಳ್ಳು!"

ಅತ್ತೆಯ ಚಪ್ಪಾಳೆ ಗಾಳಿಯಲ್ಲೇ ನಿಂತಿತು. "ಏನು ಪಣ?"

ಮೇಷ್ಟರು ಬಾಯಿ ತೆರೆದರು. ಹೆಂಡತಿ ಅವರ ಕೈಗೆ ಇನ್ನೊಂದು ಬಿಸ್ಕತ್ತು ತುರುಕಿದಳು. ಅತ್ತೆ ಕನ್ನಡಕ ಮೇಲೇರಿಸಿ ಮಗನನ್ನು ನೋಡಿದರು, ಅಳಿಯನನ್ನು ನೋಡಿದರು. ನೋಡಿಯೇ ಎಲ್ಲ ತಿಳಿದುಕೊಂಡರು.

"ಓಹೋ. ನಾನೇನು ಬಹುಮಾನದ ಬಟ್ಟಲಾ, ಗೆದ್ದವರು ಎತ್ತಿಕೊಂಡು ಹೋಗಿ ಷೋಕೇಸಲ್ಲಿ ಇಡೋಕೆ? ಇಬ್ಬರಲ್ಲಿ ಒಬ್ಬರಿಗಾದ್ರೂ, ಅಮ್ಮಾ ನೀನು ಎಲ್ಲಿರ್ತೀಯ ಅಂತ ಕೇಳೋಕೆ ನಾಲಿಗೆ ಇರಲಿಲ್ವಾ?"

"ತಪ್ಪಾಯ್ತು ಅತ್ತೆ" ಎಂದರು ಗುಮಾಸ್ತರು. ಪರಿಶೀಲಿಸದೆಯೇ ಹೇಳಿದರು.

"ನನ್ನ ಬಟ್ಟೆ ತರ್ತೀನಿ ತಾಳಮ್ಮ" ಎಂದು ಅತ್ತೆ ಮಗಳಿಗೆ ಹೇಳಿದರು. "ಇವನ ಜೊತೆ ಹೋಗ್ತೀನಿ."

"ಅಮ್ಮಾ, ಗೆದ್ದಿದ್ದು ಇವರು!" ಎಂದಳು ಮಗಳು.

"ಅದಕ್ಕೇ. ಗೆದ್ದವರ ಮನೇಲಿ ಉಳಿದ್ರೆ ಬಟ್ಟಲಾಗ್ತೀನಿ. ಸೋತವನ ಮನೆಗೆ ಹೋದ್ರೆ ಅಮ್ಮ ಆಗ್ತೀನಿ" ಎಂದು ಅತ್ತೆ ಹೊಲಿಗೆಯ ಚೀಲ ಕೈಗೆತ್ತಿಕೊಂಡರು. ಬಾಗಿಲಲ್ಲಿ ಒಮ್ಮೆ ತಿರುಗಿ, "ಅಳಿಯಂದಿರೇ, ಗವಸು ತೆಗೀಬೇಡಿ. ಬೀದಿ ಇನ್ನೂ ಮುಚ್ಚಿಲ್ಲ" ಎಂದರು.

ಅಂಗಡಿಯಾಕೆ ಬೋರ್ಡು, ಚಿಪ್ಪು ತುಂಬಿದ ಚೀಲವನ್ನು ಬಂದ ಹಾಗೇ ತೆಗೆದುಕೊಂಡು ಹೋದಳು. ಮುಂದಿನ ಕೋಣೆಗೆ ಬಣ್ಣ ಬಂತು. ಸಾಹೇಬರು, "ಪ್ರೊಸೆಸರ್ ಏನಾಯ್ತು?" ಎಂದಾಗ ಗುಮಾಸ್ತರು, "ಹಳೇದೇ ಸಾಕು ಸಾರ್" ಎಂದರು. ಅಷ್ಟು ಸ್ಪಷ್ಟವಾದ ಉತ್ತರ ಆ ಕಚೇರಿಯಲ್ಲಿ ಯಾರೂ ಕೇಳಿರದಿದ್ದರಿಂದ ಸಾಹೇಬರು ಒಂದು ಕ್ಷಣ ತಬ್ಬಿಬ್ಬಾದರು.

ಅತ್ತೆ ಇಲ್ಲದ ಒಂದು ಸಂಜೆ ಗುಮಾಸ್ತರು ಬಾಗಿಲು ಹಾಕಿಕೊಂಡು, ಕಳ್ಳನ ಹಾಗೆ, ಗವಸು ತೆಗೆದರು. ಕೆಂಪು ಕಾರು ಬಾಣದ ಹಾಗೆ ಹೊರಟಿತು. ಮೊದಲ ತಿರುವಿನಲ್ಲಿ ಗೋಡೆ. ಮತ್ತೆ ಹೊರಟಿತು, ಮತ್ತೆ ಗೋಡೆ. ಅಷ್ಟು ಬೇಗ ಓಡುವ ಲೋಕದಲ್ಲಿ ಅವರಿಗೆ ಲೈಸೆನ್ಸು ಇಲ್ಲವೆಂಬುದು ಮತ್ತೊಮ್ಮೆ ಸಾಬೀತಾಯಿತು. ಹಿಂದಿನ ಬೆತ್ತದ ಕುರ್ಚಿ ಏನೂ ಹೇಳಲಿಲ್ಲ. ಗುಮಾಸ್ತರು ಗವಸನ್ನು ಮತ್ತೆ ತೊಡಿಸಿ, ಗೊಂಡೆಯನ್ನು ನೆಟ್ಟಗೆ ಕೂರಿಸಿದರು.

ಆಗ ಫೋನು ಬಂತು. ಭಾವಮೈದ. ಸೋತಾಗಿನಿಂದ ಅವನು ಇವರೊಡನೆ ಮಾತಾಡಿರಲಿಲ್ಲ.

"ಭಾವ, ನೀವು ಈ ಯಂತ್ರಗಳ ವಿಷಯ ಸ್ವಲ್ಪ ತಿಳಿದವರು ಅಂತ ಕೇಳ್ತಿದೀನಿ. ಶಾಲೆ ಕಾರುಗಳೆಲ್ಲ ಎರಡು ಬೀದಿ ಓಡೋಷ್ಟರಲ್ಲಿ ಕಾದು ಹೊಗೆ ಬಿಡ್ತಿವೆ. ಗ್ಯಾರೇಜಿಗೆ ಕೊಂಡುಹೋದ್ರೆ ಸರಿಯಾಗೇ ಇರ್ತವೆ. ಮನೆಗೆ ಬಂದ ಕೂಡಲೇ ಮತ್ತೆ ಅದೇ. ಇಂಜಿನ್ನೇ ಬದಲಾಯಿಸಿಬಿಡಲಾ ಅಂತ ಯೋಚನೆ. ಸಾರ್ಥಕ ಅಂತೀರಾ?"

ಗುಮಾಸ್ತರು ನೆಟ್ಟಗೆ ಕೂತರು. "ಅತ್ತೆ ಹೇಗಿದಾರೆ?"

"ಅಮ್ಮನಾ? ಆರಾಮ. ಒಂದು ಗಳಿಗೆ ಸುಮ್ಮನಿರಲ್ಲ. ಕಾರುಗಳಿಗೆಲ್ಲ ಮುಂದುಗಡೆ ಧೂಳು ಹೋಗಬಾರದು ಅಂತ ಹೂವಿನ ಬಟ್ಟೇಲಿ ಏನೋ ಚೆಂದ ಹೊಲಿದು ತೊಡಿಸಿದಾಳೆ. ಗ್ಯಾರೇಜಲ್ಲಿ ಎಣ್ಣೆ ಆಗುತ್ತೆ ಅಂತ ಬಿಚ್ಚಿಟ್ಟು ಹೋಗ್ತೀನಿ."

ಗುಮಾಸ್ತರು ಎದುರಿನ ನೀಲಿ ಗವಸನ್ನೂ, ಹಿಂದಿನ ಖಾಲಿ ಕುರ್ಚಿಯನ್ನೂ ನೋಡಿದರು. ಈ ಸಲ ಪರಿಶೀಲಿಸಲು ಏನೂ ಇರಲಿಲ್ಲ.

"ಇಂಜಿನ್ ಮುಟ್ಟಬೇಡ" ಎಂದರು. "ತೊಳೆಯೋಕೆ ಅಂತ ಹೇಳಿ ಆ ಬಟ್ಟೆ ಎಲ್ಲ ಬಿಚ್ಚಿಡು. ಆಮೇಲೆ ಅತ್ತೇನ ಕೇಳು, ಅಳಿಯಂದಿರ ಬೀದಿ ಇನ್ನೂ ಹಾಗೇ ಇದೆಯಂತೆ, ಮನೆ ತುಂಬ ಧೂಳಂತೆ, ಹೋಗ್ತೀಯಾ ಅಂತ. ಕೇಳು, ತಿಳೀತಾ? ಪಣ ಕಟ್ಟಬೇಡ."